ಹಳೆಯ ಎಸ್‌ಯುವಿಗೆ ಲಿಫ್ಟ್ ಮತ್ತು ದೊಡ್ಡ ಟೈರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು, ಇಪ್ಪತ್ತು ವರ್ಷ ಓಡಿರುವ ಎಸ್‌ಯುವಿಯನ್ನು ಎತ್ತರಿಸಿ ದೊಡ್ಡ ಟೈರ್ ಹಾಕಿಸಲು ಹೊರಟವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎಷ್ಟು ಕಡಿಮೆ ಎತ್ತರಿಸಿದರೆ ಕೆಲಸ ಸಾಗುತ್ತದೋ ಅಷ್ಟೇ ಎತ್ತರಿಸಿ, ಉಳಿದ ಹಣವನ್ನು ಗಾಡಿಯ ಸವೆದ ಭಾಗಗಳಿಗೆ ಹಾಕಬೇಕು.

ಲಿಫ್ಟ್ ಮಾಡಿಸಿದರೆ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಹೆಚ್ಚುತ್ತದೆ?

ಒಂದು ಚಕ್ರದಿಂದ ಇನ್ನೊಂದಕ್ಕೆ ಅಖಂಡ ಆಕ್ಸಲ್ ಇರುವ ಗಾಡಿಯಲ್ಲಿ, ಸಸ್ಪೆನ್ಷನ್ ಲಿಫ್ಟ್ ಒಂದರಿಂದಲೇ ಏನೂ ಹೆಚ್ಚುವುದಿಲ್ಲ. ಗಾಡಿಯಡಿ ಬಗ್ಗಿ ನೋಡಿ. ಎಲ್ಲಕ್ಕಿಂತ ಕೆಳಗೆ ಕಾಣುವುದು ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ. ಸ್ಪ್ರಿಂಗ್ ಎಷ್ಟೇ ಉದ್ದವಾದರೂ ಅದು ಇದ್ದಲ್ಲೇ ಇರುತ್ತದೆ. ಅದನ್ನು ಮೇಲಕ್ಕೆ ಒಯ್ಯುವುದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. 235/75 ಆರ್ 15 ಟೈರಿನ ವ್ಯಾಸ ಸುಮಾರು 733 ಮಿ.ಮೀ. 31 ಇಂಚಿನ ಟೈರ್ ಲೆಕ್ಕಕ್ಕೆ 787 ಮಿ.ಮೀ. ವ್ಯತ್ಯಾಸ 54, ಡಿಫರೆನ್ಷಿಯಲ್ ಅಡಿಯಲ್ಲಿ ಸಿಗುವ ಲಾಭ 27 ಮಿ.ಮೀ.

ಹಾಗೆಂದು ಲಿಫ್ಟ್ ವ್ಯರ್ಥವೇನಲ್ಲ. ಅದು ಬಾಡಿ, ಚಾಸಿ, ಬಂಪರ್, ಇಂಧನ ಟ್ಯಾಂಕನ್ನು ಮೇಲೆತ್ತುತ್ತದೆ. ದಿಬ್ಬ ಏರುವಾಗ ಮುಂದಿನ ಬಂಪರ್ ನೆಲಕ್ಕೆ ತಾಗುವುದು, ಏರಿ ಇಳಿಯುವಾಗ ಹೊಟ್ಟೆ ಉಜ್ಜುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಟೈರ್ ಮೇಲೆ ಕೆಳಗೆ ಆಡಲು ಜಾಗ ಸಿಗುತ್ತದೆ.

ಹಾಗಾದರೆ ಮೊದಲು ಆರಿಸಬೇಕಾದ್ದು ಟೈರೋ, ಲಿಫ್ಟೋ?

ಟೈರ್. ಯಾವ ಅಳತೆಯ ಟೈರ್ ಬೇಕು ಎಂದು ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟೇ ಲಿಫ್ಟ್ ಹುಡುಕಿ. ಮೊದಲು ನಾಲ್ಕು ಇಂಚಿನ ಕಿಟ್ ಕೊಂಡು, ಆಮೇಲೆ ಆ ಎತ್ತರಕ್ಕೆ ಒಪ್ಪುವ ಟೈರ್ ಹುಡುಕಿದರೆ ಖರ್ಚು ಒಂದರ ಹಿಂದೆ ಒಂದರಂತೆ ಬೆಳೆಯುತ್ತದೆ.

ಅಳತೆ ಓದುವುದು ಕಷ್ಟವಲ್ಲ. 265/70 ಆರ್ 16 ಎಂದಿದ್ದರೆ ಟೈರಿನ ಅಗಲ 265 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70, ರಿಮ್ 16 ಇಂಚು. ಒಂದು ಇಂಚಿಗೆ 25.4 ಮಿ.ಮೀ. ಹಿಡಿದರೆ ರಿಮ್ 406, ಎರಡು ಗೋಡೆ ಸೇರಿ 371, ಒಟ್ಟು 777 ಮಿ.ಮೀ. ಲೆಕ್ಕ ಹೀಗೆ ಬಂದರೂ ಒಂದೇ ಅಳತೆಯ ಎರಡು ಕಂಪನಿಗಳ ಟೈರ್‌ಗಳು ನಿಜವಾದ ವ್ಯಾಸದಲ್ಲಿ ಸ್ವಲ್ಪ ಬೇರೆಯಾಗಿರುತ್ತವೆ. ಮಡ್‌ಗಾರ್ಡ್ ಒಳಗೆ ಬೆರಳಷ್ಟೇ ಜಾಗ ಉಳಿಯುವಂತಿದ್ದರೆ ತಯಾರಕರು ಕೊಡುವ ಅಳತೆಪಟ್ಟಿಯನ್ನು ನೋಡಿಯೇ ಕೊಳ್ಳಿ.

ಎಷ್ಟು ಇಂಚು ಎತ್ತರಿಸುವುದು ಸರಿ?

ರಸ್ತೆಯಲ್ಲೂ ಓಡಬೇಕು, ಕಚ್ಚಾ ದಾರಿಗೂ ಇಳಿಯಬೇಕು ಎನ್ನುವ ಗಾಡಿಗೆ ಎರಡು ಇಂಚು, ಅಂದರೆ ಸುಮಾರು 50 ಮಿ.ಮೀ. ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟರವರೆಗೆ ಗಾಡಿಯ ಮೂಲ ಜೋಡಣೆ ಚಿಕ್ಕಪುಟ್ಟ ತಿದ್ದುಪಡಿಯಿಂದ ಹೊಂದಿಕೊಳ್ಳುತ್ತದೆ. ಮೂರು ಇಂಚು ದಾಟಿದ ಮೇಲೆ ಸ್ಟೀರಿಂಗ್ ಸರಳುಗಳು, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್ ಎಲ್ಲವೂ ತಮ್ಮ ಮಿತಿಗೆ ಬರುತ್ತವೆ. ಆಗ ಕಿಟ್‌ನ ಬೆಲೆಗಿಂತ ಅದರ ಹಿಂದೆ ಬರುವ ಭಾಗಗಳ ಬೆಲೆಯೇ ಹೆಚ್ಚು.

ಗಾಡಿ ಮಗುಚುವ ಅಪಾಯವನ್ನೂ ಲೆಕ್ಕ ಹಾಕಿ ನೋಡಬಹುದು. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯು ವಾಹನಗಳ ಮಗುಚುವಿಕೆಯ ಶ್ರೇಯಾಂಕಕ್ಕೆ ಬಳಸುವುದು ಇದನ್ನೇ. ಚಕ್ರಗಳ ಅಂತರ 1500 ಮಿ.ಮೀ., ಗುರುತ್ವ ಕೇಂದ್ರ 700 ಮಿ.ಮೀ. ಎಂದಿಟ್ಟುಕೊಳ್ಳಿ: 750ನ್ನು 700ರಿಂದ ಭಾಗಿಸಿದರೆ 1.07. ಲಿಫ್ಟ್ ಮತ್ತು ಟೈರ್ ಸೇರಿ ಆ ಕೇಂದ್ರ 765ಕ್ಕೆ ಏರಿದರೆ 0.98. ತಿರುವಿನಲ್ಲಿ ಗಾಡಿ ತಡೆದುಕೊಳ್ಳುವ ಬಲ ಅಷ್ಟರಮಟ್ಟಿಗೆ ಇಳಿಯಿತು. ಛಾವಣಿಯ ಮೇಲೆ ಸಾಮಾನು ಹೇರಿದರೆ ಇನ್ನೂ ಇಳಿಯುತ್ತದೆ. ಕುಟುಂಬವನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸುವವರು ಈ ಲೆಕ್ಕವನ್ನು ಬದಿಗಿಡಬಾರದು.

ಬಾಡಿ ಲಿಫ್ಟ್ ಅಗ್ಗ ಎನ್ನುತ್ತಾರೆ. ಅದು ಆಗುವುದಿಲ್ಲವೇ?

ಬಾಡಿ ಲಿಫ್ಟ್ ಎಂದರೆ ಚಾಸಿಗೂ ಬಾಡಿಗೂ ನಡುವೆ ದಪ್ಪ ಬಿಲ್ಲೆಗಳನ್ನು ಇಡುವುದು. ಚಾಸಿ, ಎಂಜಿನ್, ಸಸ್ಪೆನ್ಷನ್ ಇದ್ದಲ್ಲೇ ಇರುವುದರಿಂದ ಗುರುತ್ವ ಕೇಂದ್ರ ಹೆಚ್ಚು ಏರುವುದಿಲ್ಲ, ಶಾಫ್ಟ್ ಕೋನಗಳೂ ಬದಲಾಗುವುದಿಲ್ಲ. ಒಂದು ಇಂಚಿನವರೆಗೆ ಇದು ಒಳ್ಳೆಯ ಉಪಾಯ. ಅದಕ್ಕಿಂತ ಹೆಚ್ಚಿಸಿದರೆ ರೇಡಿಯೇಟರ್ ಬಾಡಿಯೊಂದಿಗೆ ಮೇಲೇರಿ, ಎಂಜಿನ್‌ಗೆ ಜೋಡಿಸಿದ ಫ್ಯಾನ್ ಅದರ ಕವಚಕ್ಕೆ ತಾಗತೊಡಗುತ್ತದೆ. ಗೇರ್ ಲಿವರ್ ತನ್ನ ರಂಧ್ರದ ಅಂಚಿಗೆ ಒರಗುತ್ತದೆ, ಸ್ಟೀರಿಂಗ್ ಶಾಫ್ಟ್ ಎಳೆದಂತಾಗುತ್ತದೆ. 1984ರಲ್ಲಿ ಬಂದ ಜೀಪ್ ಚೆರೋಕಿ ಎಕ್ಸ್‌ಜೆಯಂತೆ ಬಾಡಿಯೇ ಚಾಸಿಯಾಗಿರುವ ಗಾಡಿಗಳಿಗೆ ಇದು ಸಾಧ್ಯವೇ ಇಲ್ಲ.

ನನ್ನ ಗಾಡಿಗೆ ಯಾವ ಬಗೆಯ ಲಿಫ್ಟ್?

ಮುಂದೆ ಹಿಂದೆ ಎಂಥ ಸ್ಪ್ರಿಂಗ್ ಇದೆ ಎಂಬುದರ ಮೇಲೆ ಹೋಗುತ್ತದೆ.

ಅಖಂಡ ಆಕ್ಸಲ್ ಮತ್ತು ಕಾಯಿಲ್ ಸ್ಪ್ರಿಂಗ್ ಇದ್ದರೆ ನೀವು ಅದೃಷ್ಟವಂತರು. ಟೊಯೋಟಾ ಲ್ಯಾಂಡ್ ಕ್ರೂಸರ್ 80, ಸುಜುಕಿ ಜಿಮ್ನಿ ಈ ಜಾತಿಯವು. ಉದ್ದದ ಸ್ಪ್ರಿಂಗ್, ಅದಕ್ಕೆ ಸರಿಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದರೆ ಮುಖ್ಯ ಕೆಲಸ ಮುಗಿಯಿತು. ಸ್ಪ್ರಿಂಗ್ ಅಡಿ ಬಿಲ್ಲೆ ಇಟ್ಟು ಎತ್ತರಿಸಬಹುದು, ಆದರೆ ಇಪ್ಪತ್ತು ವರ್ಷ ಭಾರ ಹೊತ್ತು ಕುಗ್ಗಿದ ಸ್ಪ್ರಿಂಗ್‌ಗೆ ಬಿಲ್ಲೆ ಇಡುವುದಕ್ಕಿಂತ ಹೊಸ ಸ್ಪ್ರಿಂಗ್ ಹಾಕುವುದೇ ಮೇಲು.

ಲೀಫ್ ಸ್ಪ್ರಿಂಗ್ ಇದ್ದರೆ ಹೆಚ್ಚು ಕಮಾನಿರುವ ಹೊಸ ಸ್ಪ್ರಿಂಗ್ ಕಟ್ಟು ಹಾಕಿಸುವುದು ಅತ್ಯುತ್ತಮ. ಇರುವ ಕಟ್ಟಿಗೆ ಒಂದು ಪಟ್ಟಿ ಸೇರಿಸಿದರೆ ಎತ್ತರ ಬರುತ್ತದೆ, ಜೊತೆಗೆ ಕುಲುಕಾಟವೂ ಬರುತ್ತದೆ. ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಕೊಂಡಿಯನ್ನು ಉದ್ದದ್ದು ಹಾಕಿದರೆ ಅದರ ಉದ್ದ ಹೆಚ್ಚಿದ್ದರ ಅರ್ಧದಷ್ಟು ಮಾತ್ರ ಗಾಡಿ ಏರುತ್ತದೆ, ಆಕ್ಸಲ್‌ನ ಕೋನವೂ ಬದಲಾಗುತ್ತದೆ. ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಬ್ಲಾಕ್ ಇಡುವುದನ್ನು ಹಿಂದಿನ ಆಕ್ಸಲ್‌ನಲ್ಲಿ ಒಂದು ಮಿತಿಯವರೆಗೆ ಒಪ್ಪಬಹುದು. ಮುಂದಿನ ಆಕ್ಸಲ್‌ಗೆ ಯಾರೇ ಹೇಳಿದರೂ ಬ್ಲಾಕ್ ಇಡಿಸಬೇಡಿ. ಬ್ರೇಕ್ ಮತ್ತು ಸ್ಟೀರಿಂಗ್ ಬಲಗಳೆರಡೂ ಅಲ್ಲಿ ಬ್ಲಾಕನ್ನು ತಿರುಚಲು ನೋಡುತ್ತವೆ.

ಮುಂದಿನ ಚಕ್ರಗಳು ಪ್ರತ್ಯೇಕವಾಗಿ ಆಡುವ, ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಸರಳು (ಟಾರ್ಷನ್ ಬಾರ್) ಇರುವ ಗಾಡಿಗಳಲ್ಲಿ, ಎರಡನೇ ತಲೆಮಾರಿನ ಮಿತ್ಸುಬಿಷಿ ಪಜೆರೋದಂಥವುಗಳಲ್ಲಿ, ಬಾರ್‌ನ ಹೊಂದಾಣಿಕೆ ಬೋಲ್ಟ್ ತಿರುಗಿಸಿದರೆ ಸಾಕು, ಮುಂಭಾಗ ಏರುತ್ತದೆ. ಇಷ್ಟು ಸುಲಭವಾಗಿರುವುದೇ ಇದರ ತೊಂದರೆ. ಸಸ್ಪೆನ್ಷನ್‌ನ ಒಟ್ಟು ಓಟ ಹೆಚ್ಚುವುದಿಲ್ಲ. ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನು ಕಿತ್ತು ಮೇಲಕ್ಕೆ ಕೊಟ್ಟಂತಾಗುತ್ತದೆ. ಗುಂಡಿಯಲ್ಲಿ ಚಕ್ರ ಇಳಿಯುವಾಗ ಮೇಲಿನ ತೋಳು ತಡೆ ರಬ್ಬರ್‌ಗೆ ಬಡಿಯುತ್ತದೆ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಕೀಲು (ಸಿವಿ ಜಾಯಿಂಟ್) ಕಡಿದಾದ ಕೋನದಲ್ಲಿ ತಿರುಗಿ ಅದರ ರಬ್ಬರ್ ಬೂಟು ಬೇಗ ಹರಿಯುತ್ತದೆ. ಒಂದೂವರೆ ಇಂಚು ದಾಟಿಸದಿರುವುದು ಕ್ಷೇಮ.

ಶಾಕ್ ಮೇಲೆಯೇ ಕಾಯಿಲ್ ಕೂತಿರುವ ಮುಂಭಾಗವಿದ್ದರೆ ಒಂದು ಮಾತು ನೆನಪಿಡಿ: ಅದರ ತಲೆಯ ಮೇಲೆ ಇಡುವ ಬಿಲ್ಲೆಯ ದಪ್ಪಕ್ಕಿಂತ ಗಾಡಿ ಏರುವುದು ಹೆಚ್ಚು, ಹಲವು ಗಾಡಿಗಳಲ್ಲಿ ಹೆಚ್ಚುಕಡಿಮೆ ಎರಡರಷ್ಟು.

ಹಳೆಯ ಗಾಡಿಯಲ್ಲಿ ಕಿಟ್ ಕೊಳ್ಳುವ ಮೊದಲು ಏನು ನೋಡಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಒಂದು ಸುತ್ತಿಗೆ, ಟಾರ್ಚ್ ಹಿಡಿದು ಗಾಡಿಯಡಿ ಮಲಗಿ. ಸ್ಪ್ರಿಂಗ್ ಕೂರುವ ಜಾಗ, ಶ್ಯಾಕಲ್ ಕೊಂಡಿ, ಶಾಕ್ ಅಬ್ಸಾರ್ಬರ್ ಮೇಲ್ತುದಿ, ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಜಾಗ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್‌ನ ಬ್ರಾಕೆಟ್, ಇವಿಷ್ಟನ್ನೂ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ. ಒಳಗೆ ತುಕ್ಕು ತಿಂದ ಚಾಸಿ ಮಂದವಾಗಿ ಸದ್ದು ಮಾಡುತ್ತದೆ, ಪದರ ಪದರವಾಗಿ ಉದುರುತ್ತದೆ. ಸುತ್ತಿಗೆ ಏಟಿಗೆ ಕುಳಿ ಬಿದ್ದರೆ ಲಿಫ್ಟ್ ವಿಚಾರವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಚಾಸಿ ಸರಿಮಾಡಿಸಿ. ಸ್ಟೀರಿಂಗ್ ಬಾಕ್ಸ್ ಬೋಲ್ಟ್‌ಗಳ ಸುತ್ತ ಕೂದಲೆಳೆಯ ಬಿರುಕು ಇದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿ. ದೊಡ್ಡ ಟೈರ್ ಬಂದ ಮೇಲೆ ಆ ಜಾಗದ ಮೇಲೆ ಬೀಳುವ ಬಲ ಹೆಚ್ಚುತ್ತದೆ.

ನಂತರ ಬುಷ್‌ಗಳು, ಅಂದರೆ ಸಸ್ಪೆನ್ಷನ್ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ಕೊಳವೆಗಳು. ಉದ್ದನೆಯ ಸಲಾಕೆಯಿಂದ ಪ್ರತಿ ತೋಳನ್ನೂ ಒತ್ತಿ ಅಲುಗಿಸಿ. ರಬ್ಬರ್ ಬಿರಿದಿದ್ದರೆ, ಒಳಗಿನ ಲೋಹದ ಕೊಳವೆ ಒಂದು ಕಡೆಗೆ ವಾಲಿದ್ದರೆ ಅದರ ಆಯುಷ್ಯ ಮುಗಿದಿದೆ. ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸಡಿಲವಿರುವುದು ಗೊತ್ತಾಗುತ್ತದೆ. ಪಕ್ಕದಲ್ಲಿ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ತುದಿಗಳು ತಿಳಿಯುತ್ತವೆ. ಸಣ್ಣ ಟೈರ್ ಇದ್ದಾಗ ಅರಿವಿಗೇ ಬಾರದ ಈ ಸಡಿಲುಗಳು ದೊಡ್ಡ ಟೈರ್ ಹಾಕಿದ ದಿನವೇ ಸ್ಟೀರಿಂಗ್‌ನಲ್ಲಿ ಕಾಣಿಸಿಕೊಳ್ಳುತ್ತವೆ, ದೂರು ಮಾತ್ರ ಕಿಟ್ ಮೇಲೆ ಬರುತ್ತದೆ.

ಲಿಫ್ಟ್ ಆದ ಮೇಲೆ ಸ್ಟೀರಿಂಗ್ ನೇರ ನಿಲ್ಲುವುದಿಲ್ಲ, ಅಲೆಯುತ್ತದೆ. ಯಾಕೆ?

ಕ್ಯಾಸ್ಟರ್ ಕೋನ, ಅಂದರೆ ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದರೆ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿದೆ. ಗಾಡಿ ಏರಿದಾಗ ಆಕ್ಸಲ್ ಹಿಡಿದಿರುವ ತೋಳುಗಳು ಕೆಳಕ್ಕೆ ಬಾಗುತ್ತವೆ, ಅವುಗಳ ಜೊತೆ ಮುಂದಿನ ಆಕ್ಸಲ್ ತುಸು ತಿರುಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಕ್ಯಾಸ್ಟರ್‌ನಿಂದ. ಅದು ಹೋದರೆ ಗಾಡಿಯನ್ನು ಕ್ಷಣಕ್ಷಣವೂ ತಿದ್ದುತ್ತ ಓಡಿಸಬೇಕಾಗುತ್ತದೆ. ಕೇಂದ್ರ ಸರಿಸಿದ ಬುಷ್, ತಿದ್ದಿದ ತೋಳು ಅಥವಾ ತೋಳಿನ ಬ್ರಾಕೆಟ್ ಕೆಳಗಿಳಿಸುವುದು, ಈ ಮೂರರಲ್ಲಿ ಒಂದು ಪರಿಹಾರ.

ಪ್ಯಾನ್‌ಹಾರ್ಡ್ ರಾಡ್ ಇರುವ ಗಾಡಿ ಏರಿದಾಗ ಆಕ್ಸಲ್ ಒಂದು ಬದಿಗೆ ಸರಿಯುತ್ತದೆ. ಎಡಚಕ್ರ ಮಡ್‌ಗಾರ್ಡ್‌ನಿಂದ ಹೊರಗೆ, ಬಲಚಕ್ರ ಒಳಗೆ ಕಂಡರೆ ಕಾರಣ ಇದೇ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಸರಿಯಾಗುತ್ತದೆ. ಈ ರಾಡ್ ಮತ್ತು ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು (ಡ್ರ್ಯಾಗ್ ಲಿಂಕ್) ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದನ್ನು ಮಾತ್ರ ಕೆಳಗಿಳಿಸಿದರೆ ಪ್ರತಿ ಗುಂಡಿಯಲ್ಲೂ ಸ್ಟೀರಿಂಗ್ ತಾನೇ ತಿರುಗುತ್ತದೆ.

ಒಂದು ನಿರ್ದಿಷ್ಟ ವೇಗದಲ್ಲಿ ಗುಂಡಿಗೆ ಬಿದ್ದೊಡನೆ ಇಡೀ ಮುಂಭಾಗ ಹುಚ್ಚೆದ್ದಂತೆ ಒದರತೊಡಗಿದರೆ ನಿಧಾನವಾಗಿ ವೇಗ ಇಳಿಸಿ ಗಾಡಿ ನಿಲ್ಲಿಸಿ. ಸ್ಟೀರಿಂಗ್ ಡ್ಯಾಂಪರ್ ಹಾಕಿ ಅದನ್ನು ಮುಚ್ಚಿಡಬೇಡಿ. ಸವೆದ ಬುಷ್, ಸಡಿಲ ಬೋಲ್ಟ್, ಬ್ಯಾಲೆನ್ಸ್ ತಪ್ಪಿದ ಟೈರ್ ಇವುಗಳಲ್ಲೇ ಕಾರಣ ಇರುತ್ತದೆ, ಹುಡುಕಿ.

ಗಾಡಿಯ ಅಡಿಯಿಂದ ನಡುಕ ಬರುತ್ತಿದೆ. ಟೈರ್ ತಪ್ಪೇ?

ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ನಡುಕ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಅನುಮಾನಪಡಿ. ವೇಗ ಒಂದನ್ನೇ ಅನುಸರಿಸಿದರೆ ಟೈರ್ ಬ್ಯಾಲೆನ್ಸ್ ನೋಡಿ. ಶಾಫ್ಟ್‌ನ ಎರಡೂ ತುದಿಯಲ್ಲಿ ಒಂದೊಂದು ಸಾಮಾನ್ಯ ಯುನಿವರ್ಸಲ್ ಜಾಯಿಂಟ್ ಇದ್ದರೆ ಎರಡರ ಕೋನವೂ ಸಮವಾಗಿರಬೇಕು, ಆಗ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಕಡೆ ಜೋಡಿ ಜಾಯಿಂಟ್ ಇದ್ದರೆ ಡಿಫರೆನ್ಷಿಯಲ್‌ನ ಮೂತಿ ನೇರ ಶಾಫ್ಟ್‌ನತ್ತ ಮುಖ ಮಾಡಿರಬೇಕು. ಗಿಡ್ಡ ಗಾಡಿಗಳಲ್ಲಿ ಶಾಫ್ಟೂ ಗಿಡ್ಡ, ಹಾಗಾಗಿ ಅವುಗಳಿಗೆ ಈ ಕಾಟ ಬೇಗ ತಟ್ಟುತ್ತದೆ.

ಬ್ರೇಕ್ ವಿಷಯದಲ್ಲಿ ಏನು ಬದಲಾಗುತ್ತದೆ?

ಮೂರು ಸಂಗತಿಗಳು. ಮೊದಲನೆಯದು ಹೋಸ್: ಆಕ್ಸಲ್ ಪೂರ್ತಿ ಕೆಳಗೆ ಜೋತಾಡುವಾಗ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿದಾಗ ಹೋಸ್ ಬಿಗಿಯಾಗಬಾರದು. ಬಿಗಿಯಾದರೆ ಉದ್ದದ್ದು ಹಾಕಿಸಿ. ಹಳೆಯ ರಬ್ಬರ್ ಹೋಸ್‌ಗಳನ್ನು ಹೇಗೂ ಬದಲಿಸುವುದು ಒಳ್ಳೆಯದು. ಎಬಿಎಸ್ ಸಂವೇದಕದ ತಂತಿ, ಆಕ್ಸಲ್‌ನ ಗಾಳಿಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್‌ಗಳನ್ನೂ ಅದೇ ಹೊತ್ತಿಗೆ ನೋಡಿಬಿಡಿ.

ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಹಲವು ಹಳೆಯ ಎಸ್‌ಯುವಿಗಳ ಚಾಸಿಯಲ್ಲಿ, ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ಕವಾಟ ಇರುತ್ತದೆ. ಅದರಿಂದ ಒಂದು ಸರಳು ಆಕ್ಸಲ್‌ಗೆ ಇಳಿದಿರುತ್ತದೆ. ಭಾರ ಹೇರಿ ಹಿಂಭಾಗ ಕುಸಿದಾಗ ಸರಳು ಮೇಲಕ್ಕೆ ತಳ್ಳುತ್ತದೆ, ಕವಾಟ ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ. ಲಿಫ್ಟ್ ಆದ ಮೇಲೆ ಈ ಕವಾಟದ ಪಾಲಿಗೆ ಗಾಡಿ ಸದಾ ಖಾಲಿ. ಆದ್ದರಿಂದ ಹಿಂದಿನ ಬ್ರೇಕ್ ಮಂಕಾಗಿ, ಹೊರೆಯೆಲ್ಲ ಮುಂದಿನ ಬ್ರೇಕ್ ಮೇಲೆ ಬೀಳುತ್ತದೆ. ಲಿಫ್ಟ್ ಎಷ್ಟೋ ಅಷ್ಟು ಎತ್ತರದ ಬ್ರಾಕೆಟ್ ಇಟ್ಟು ಸರಳಿನ ಮೂಲ ಕೋನವನ್ನು ಮರಳಿ ತರಬೇಕು.

ಮೂರನೆಯದು ಟೈರ್. ವ್ಯಾಸ ಶೇ. 7 ಹೆಚ್ಚಿದರೆ ಅದೇ ಪೆಡಲ್ ಒತ್ತಡಕ್ಕೆ ರಸ್ತೆಯಲ್ಲಿ ಸಿಗುವ ತಡೆಬಲ ಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಟೈರಿನ ತೂಕವೂ ಹೆಚ್ಚು. ಒಳ್ಳೆಯ ಪ್ಯಾಡ್, ಸವೆಯದ ಡಿಸ್ಕ್, ಹೊಸ ಬ್ರೇಕ್ ಆಯಿಲ್ ಇಲ್ಲದೆ ಮುಂದುವರಿಯಬೇಡಿ.

ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ?

ಹೌದು, ಕಡಿಮೆ ತೋರಿಸುತ್ತದೆ. ಮೇಲಿನ 733ರಿಂದ 787ಕ್ಕೆ ಹೋದ ಉದಾಹರಣೆಯಲ್ಲಿ, ಮೂಲ ಮೀಟರ್ ನಿಖರವಾಗಿದ್ದಿದ್ದರೆ ಈಗ ಮುಳ್ಳು 100ರಲ್ಲಿ ಇರುವಾಗ ಗಾಡಿಯ ವೇಗ ಗಂಟೆಗೆ 107 ಕಿ.ಮೀ. ಓಡಿದ ದೂರದ ಲೆಕ್ಕವೂ ಅಷ್ಟೇ ಕಡಿಮೆ ಬರುವುದರಿಂದ ಮೈಲೇಜ್ ನಿಜಕ್ಕೂ ಇಳಿದದ್ದಕ್ಕಿಂತ ಹೆಚ್ಚು ಇಳಿದಂತೆ ಕಾಣುತ್ತದೆ. ಇಳಿದಿರುವುದೂ ನಿಜವೇ.

ಎಂಜಿನ್ ಮೊದಲಿನಂತೆ ಎಳೆಯುತ್ತಿಲ್ಲ. ಡಿಫರೆನ್ಷಿಯಲ್ ಗೇರ್ ಬದಲಿಸಬೇಕೇ?

ಡಿಫರೆನ್ಷಿಯಲ್‌ನ ಹಳೆಯ ಗೇರ್ ಅನುಪಾತವನ್ನು (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಎಂಬುದನ್ನು) ಟೈರಿನ ಹೊಸ ವ್ಯಾಸದಿಂದ ಗುಣಿಸಿ, ಹಳೆಯ ವ್ಯಾಸದಿಂದ ಭಾಗಿಸಿ. 3.73 ಇದ್ದ ಗಾಡಿಗೆ ಮೇಲಿನ ಟೈರ್ ಹಾಕಿದರೆ 4.00 ಬರುತ್ತದೆ. ಅದಕ್ಕೆ ಹತ್ತಿರದ 4.10 ಹಾಕಿದರೆ ಮೊದಲಿನ ಎಳೆತ ಮರಳುತ್ತದೆ. ಶೇ. 7ರಷ್ಟು ವ್ಯತ್ಯಾಸವನ್ನು ಬಹಳ ಮಂದಿ ಹಾಗೆಯೇ ಸಹಿಸಿಕೊಂಡು ಓಡಿಸುತ್ತಾರೆ, ಅದು ತಪ್ಪಲ್ಲ. ಅದೇ ಗಾಡಿಗೆ 33 ಇಂಚಿನ ಟೈರ್ ಹಾಕಿದರೆ ಬೇಕಾಗುವುದು 4.26ರ ಆಸುಪಾಸು. ಆಗ ಬದಲಿಸದಿದ್ದರೆ ಏರಿನಲ್ಲಿ ಕ್ಲಚ್ ಸುಡುತ್ತದೆ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಎರಡೂ ಆಕ್ಸಲ್‌ಗಳ ಗೇರನ್ನು ಒಟ್ಟಿಗೇ ಬದಲಿಸಬೇಕು.

ಟೈರ್ ಎಲ್ಲೂ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಸಮತಟ್ಟು ನೆಲದಲ್ಲಿ ಸ್ಟೀರಿಂಗ್ ತಿರುಗಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಕಾಯಿಲ್ ಇರುವ ಗಾಡಿಯಾದರೆ, ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಸ್ಪ್ರಿಂಗ್ ತೆಗೆದು, ಚಕ್ರ ಹಾಕಿ, ಆಕ್ಸಲ್‌ನ ಒಂದು ಬದಿಯನ್ನು, ಅದು ಇನ್ನೂ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಮುಟ್ಟುವವರೆಗೆ ಜಾಕ್‌ನಿಂದ ಏರಿಸಿ. ಆಗ ಸ್ಟೀರಿಂಗ್ ಒಂದು ಕೊನೆಯಿಂದ ಇನ್ನೊಂದಕ್ಕೆ ತಿರುಗಿಸಿ. ಎಲ್ಲಿ ತಾಗುತ್ತದೆ ಎಂಬುದು ಕಣ್ಣಿಗೇ ಬೀಳುತ್ತದೆ. ಮೇಲೆ ತಾಗಿದರೆ ಉದ್ದದ ಬಂಪ್ ಸ್ಟಾಪ್ ಹಾಕಿ. ಅದಕ್ಕಾಗಿ ಇನ್ನೂ ಎತ್ತರದ ಲಿಫ್ಟ್ ಹುಡುಕಬೇಡಿ. ಹೊಸ ಶಾಕ್ ಅಬ್ಸಾರ್ಬರ್ ಪೂರ್ತಿ ಮಡಚುವ ಮೊದಲೇ ಬಂಪ್ ಸ್ಟಾಪ್ ಮುಟ್ಟುತ್ತಿದೆಯೇ ಎಂಬುದನ್ನೂ ಇದೇ ಸಮಯದಲ್ಲಿ ನೋಡಿ.

ರಿಮ್ ಹೊರಗೆ ಬರುವಂತೆ ಅದರ ಹಿಂದೆ ಸ್ಪೇಸರ್ ಬಿಲ್ಲೆ ಹಾಕಬಹುದೇ?

ಬೇಡ ಎನ್ನುತ್ತೇನೆ. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮತ್ತು ಬಾಲ್ ಜಾಯಿಂಟ್ ಮೇಲೆ ಸನ್ನೆಬಲ ಹೆಚ್ಚುತ್ತದೆ, ತಿರುಗುವಾಗ ಟೈರ್ ಇನ್ನೂ ದೊಡ್ಡ ವೃತ್ತದಲ್ಲಿ ಸಾಗಿ ಬಂಪರ್ ಅಂಚಿಗೆ ತಾಗುತ್ತದೆ. ಸರಿಯಾದ ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಅದನ್ನು ಬೋಲ್ಟ್ ಮಾಡುವ ಮುಖದವರೆಗಿನ ದೂರ) ಇರುವ ರಿಮ್ ಕೊಳ್ಳಿ.

ಆಲ್ ಟೆರೇನ್ ಟೈರೋ, ಮಡ್ ಟೆರೇನ್ ಟೈರೋ?

ವಾರದಲ್ಲಿ ಬಹುಪಾಲು ಡಾಂಬರು ರಸ್ತೆಯಾದರೆ ಆಲ್ ಟೆರೇನ್. ಮಡ್ ಟೆರೇನ್ ಕೆಸರಿನಲ್ಲಿ ಗೆಲ್ಲುತ್ತದೆ, ಆದರೆ ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ, ಸದ್ದು ಜಾಸ್ತಿ. ಯಾವುದೇ ಇರಲಿ, ಹೊರೆ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆ ಇರಬಾರದು: 104 ಎಂದರೆ ಒಂದು ಟೈರಿಗೆ 900 ಕಿಲೋ, 109 ಎಂದರೆ 1030 ಕಿಲೋ. ಬಳಸಿದ ಟೈರ್ ಕೊಳ್ಳುವವರು ಗೋಡೆಯ ಮೇಲಿನ ನಾಲ್ಕಂಕಿ ಓದಬೇಕು. 3519 ಎಂದಿದ್ದರೆ ಅದು 2019ರ 35ನೇ ವಾರದ ತಯಾರಿ. ಟೈರಿನ ಮೇಲ್ಮೈಯ ಕಚ್ಚುಗಳು ಎಷ್ಟೇ ಆಳ ಉಳಿದಿದ್ದರೂ ಗೋಡೆಯಲ್ಲಿ ಬಿರುಕಿದ್ದರೆ ಬಿಟ್ಟುಬಿಡಿ.

ಹಳೆಯ ಸ್ಟೆಪ್ನಿ ಸಾಕೇ?

ಸಾಲದು. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಚಕ್ರ ಚಿಕ್ಕದಾದರೆ ಸೆಂಟರ್ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿದು ಹಾಳಾಗಬಹುದು. ಐದು ಟೈರ್ ಕೊಳ್ಳಿ. ಹೊಸ ಸ್ಟೆಪ್ನಿ ಅದರ ಜಾಗದಲ್ಲಿ ಕೂರುತ್ತದೆಯೇ ಎಂದೂ ಅಳೆಯಿರಿ.

ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಒಳ್ಳೆಯ ಜಾಕ್, ಗಟ್ಟಿ ಸ್ಟ್ಯಾಂಡ್‌ಗಳು, ಟಾರ್ಕ್ ರೆಂಚ್ ಮತ್ತು ತಾಳ್ಮೆ ಇರುವವರು ಎರಡು ಇಂಚಿನ ಕೆಲಸವನ್ನು ಮಾಡಿಕೊಳ್ಳಬಹುದು. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಕೆಲವು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಿರಿ. ಬಿಗಿದಿಟ್ಟ ಸ್ಪ್ರಿಂಗ್ ಎದುರಿಗೆ ಮುಖ ಇಡಬೇಡಿ. ಲೀಫ್ ಸ್ಪ್ರಿಂಗ್‌ನ ಹಳೆಯ ಯು ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ. ಬಿಗಿದಾಗ ಅವು ಹಿಗ್ಗಿರುತ್ತವೆ.

ಗ್ಯಾರೇಜ್‌ಗಳಲ್ಲೂ ಪದೇ ಪದೇ ಆಗುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ರಬ್ಬರ್ ಬುಷ್ ಒಳಗೆ ಬೋಲ್ಟ್ ತಿರುಗುವುದಿಲ್ಲ. ಬಿಗಿದ ಮೇಲೆ ಒಳಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಂಡು ರಬ್ಬರ್ ಮಾತ್ರ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ಆ ರಬ್ಬರ್ ನಿಂತಲ್ಲೂ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಗಾಡಿ ಬೇಕಾದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಸಡಿಲವಾಗಿ ಕೂರಿಸಿ, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಕೆಲವು ಸಲ ಕುಲುಕಿಸಿ, ಆಮೇಲೆ ಪೂರ್ತಿ ಬಿಗಿಯಿರಿ.

ಕಾನೂನು, ವಿಮೆ?

ಎತ್ತರ, ಟೈರಿನ ಅಳತೆ, ಮಡ್‌ಗಾರ್ಡ್‌ನಿಂದ ಹೊರಚಾಚುವ ಚಕ್ರ ಇವುಗಳ ನಿಯಮ ಒಂದೊಂದು ಕಡೆ ಒಂದೊಂದು ರೀತಿ. ವಾಹನ ನೋಂದಣಿ ಕಚೇರಿ ಮತ್ತು ವಿಮಾ ಕಂಪನಿ ಇಬ್ಬರನ್ನೂ ಕಿಟ್ ಕೊಳ್ಳುವ ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಎಲ್ಲ ಮುಗಿದ ಮೇಲೆ ಏನು ಮಾಡಬೇಕು?

ಅಲೈನ್‌ಮೆಂಟ್ ಮಾಡಿಸಿ, ಅದರ ಅಂಕಿಗಳ ಚೀಟಿ ಕೇಳಿ ಪಡೆಯಿರಿ. ಕ್ಯಾಸ್ಟರ್ ಎಷ್ಟಿದೆ ಎಂದು ನೋಡಿ. ಹೆಡ್‌ಲೈಟ್ ಕೆಳಗಿಳಿಸಿ, ಎದುರಿನವರ ಕಣ್ಣಿಗೆ ರಾಚದಿರಲಿ. ಚಕ್ರದ ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ, ಸಸ್ಪೆನ್ಷನ್ ಬೋಲ್ಟ್ ಮತ್ತು ಯು ಬೋಲ್ಟ್‌ಗಳನ್ನು 500 ಕಿ.ಮೀ. ಆದ ಮೇಲೆ ಮತ್ತೆ ಟಾರ್ಕ್ ರೆಂಚ್‌ನಿಂದ ಪರೀಕ್ಷಿಸಿ. ಹೊಸ ಸ್ಪ್ರಿಂಗ್‌ಗಳು ಆರಂಭದಲ್ಲಿ ಸ್ವಲ್ಪ ಇಳಿದು ಕೂರುತ್ತವೆ. ಹಾಗಾಗಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಅಳತೆಯನ್ನು ಮೊದಲ ದಿನವೇ ನಾಲ್ಕೂ ಮೂಲೆಯಲ್ಲಿ ಬರೆದಿಟ್ಟು, 1000 ಕಿ.ಮೀ. ನಂತರ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಹೆಚ್ಚು ಇಳಿದಿದ್ದರೆ ಆ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ. ಅಲೈನ್‌ಮೆಂಟನ್ನು ಮತ್ತೊಮ್ಮೆ ಮಾಡಿಸುವ ಮೊದಲು ಅದನ್ನು ಬಿಚ್ಚಿ ನೋಡಿ.